ದಿಙ್ನಾಗನನ್ನು ಹುಡುಕುತ್ತ: ಸುಂಟಿಕೊಪ್ಪದಿಂದ ಮೈಸೂರಿಗೆ, ಅಲ್ಲಿಂದ ಬೈಲುಕುಪ್ಪೆಗೆ

ಪಿಎಚ್‌.ಡಿ.ಗೆ ನಾನು ಆರಿಸಿಕೊಂಡ ವಿಷಯ ಪ್ರತ್ಯಕ್ಷಜ್ಞಾನದ ಬಗ್ಗೆ ಬೌದ್ಧ ತಾರ್ಕಿಕ ದಿಙ್ನಾಗನಿಗೂ ನ್ಯಾಯದರ್ಶನದ ಅನುಯಾಯಿಗಳಾದ ನೈಯಾಯಿಕರಿಗೂ ನಡೆದ ವಾದ. ಸುಮಾರು 5–6ನೆಯ ಶತಮಾನದವನಾದ ಆತನ ಮುಖ್ಯ ಕೃತಿ 'ಪ್ರಮಾಣಸಮುಚ್ಚಯ'ದ ಸಂಸ್ಕೃತ ಮೂಲ ಇಡಿಯಾಗಿ ನಮಗೆ ದೊರೆತಿಲ್ಲ, ಟಿಬೆಟನ್ ಅನುವಾದಗಳೂ ಇತರರ ಗ್ರಂಥಗಳಲ್ಲಿ ಉಳಿದ ಸಂಸ್ಕೃತದ ತುಣುಕುಗಳೂ ಮಾತ್ರ ಇವೆ ಎಂಬುದು ವಿಷಯ ನೋಂದಾಯಿಸುವಾಗಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು, ಇಂಥ ಕೃತಿಯನ್ನು ಗ್ರಂಥಾಲಯದಲ್ಲಿ ಹುಡುಕುವುದು ಎಂದರೇನು ಎಂಬುದು.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಪದವಿ ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಸ್ವಲ್ಪ ಕಾಫಿ ತೋಟ. ಕೊಡಗಿನಲ್ಲಿದ್ದುಕೊಂಡು ಸಂಶೋಧನೆ ಮಾಡುವವರು ಗ್ರಂಥಾಲಯದ ಸಮಯಕ್ಕಿಂತ ಮೊದಲು ತೋಟದ ಮತ್ತು ಮಳೆಯ ಸಮಯವನ್ನು ನೋಡಬೇಕಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೆ ಕರಿಮೆಣಸು. ಜೂನ್ ಕಾಲಿಟ್ಟರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೀಗಾಗಿ ಮಾರ್ಚ್‌ನಿಂದ ಮೇ ತಿಂಗಳೊಳಗೆ ಮೈಸೂರಿನ ಕೆಲಸವನ್ನೆಲ್ಲ ಮುಗಿಸಿ, ಬೇಕಾದುದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದು, ಮಳೆಗಾಲವಿಡೀ ಅದನ್ನು ಓದುವುದೆಂದು ನಿಯಮ ಮಾಡಿಕೊಂಡೆ. ಆರು ವರ್ಷ ಇದೇ ನಡೆಯಿತು.

ಮೊದಲ ಬೇಸಗೆ ಬಹುಮಟ್ಟಿಗೆ ವ್ಯರ್ಥವಾಯಿತು, ಏಕೆಂದರೆ ನಾನು ವಿಷಯವಾರು ಹುಡುಕಿದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಬೌದ್ಧ ತತ್ತ್ವಶಾಸ್ತ್ರದ ಸಂಖ್ಯೆ 181.043, ನ್ಯಾಯದರ್ಶನದ್ದು 181.43, ತರ್ಕಶಾಸ್ತ್ರದ್ದು 160, ಧರ್ಮವಾಗಿ ಬೌದ್ಧಮತದ್ದು 294.3. ನನಗೆ ಬೇಕಾದ ಪುಸ್ತಕಗಳು ಈ ನಾಲ್ಕರಲ್ಲೂ ಚೆದುರಿಹೋಗಿದ್ದವು. ಸಂಪಾದಿತ ಸಂಸ್ಕೃತ ಗ್ರಂಥಗಳಂತೂ ಸಾಹಿತ್ಯದ ಕಪಾಟಿನಲ್ಲಿ ಕಾವ್ಯ ನಾಟಕಗಳ ನಡುವೆ ಕುಳಿತಿದ್ದವು. ಒಂದು ಗ್ರಂಥಾಲಯದಲ್ಲಿ ದಿಙ್ನಾಗನ ಮೇಲಿನ ಪುಸ್ತಕವೊಂದು ಕ್ಯಾಟಲಾಗಿನಲ್ಲಿ ಇದ್ದರೂ ಕಪಾಟಿನಲ್ಲಿ ಸಿಗದೆ ಎರಡು ದಿನ ಸತಾಯಿಸಿತು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ 181.043 ಎಂಬುದು 181.43 ಆಗಿತ್ತು, ಪುಸ್ತಕ ನೈಯಾಯಿಕರ ಸಾಲಿಗೆ ಸೇರಿತ್ತು. ಜೀವಮಾನವೆಲ್ಲ ಯಾರೊಡನೆ ವಾದಿಸಿದನೋ ಅವರ ಮನೆಯಲ್ಲೇ ಆತ ಬಾಡಿಗೆಗೆ ಇದ್ದಂತೆ ಕಂಡು ನಗು ಬಂತು. ಅಂದಿನಿಂದ ನಾನು ಸಂಖ್ಯೆ ಹಿಡಿದು ಒಂದು ಪುಸ್ತಕಕ್ಕೆ ಕೈಹಾಕುವುದಿಲ್ಲ. ಆ ಸಂಖ್ಯೆಯ ಆಚೀಚೆಯ ಎರಡು ಕಪಾಟುಗಳನ್ನು ನಿಂತು ಓದುತ್ತೇನೆ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಕನ್ನಡದಲ್ಲೇ ದಿಙ್ನಾಗ, ದಿಗ್ನಾಗ, ದಿನ್ನಾಗ ಎಂದು ಮೂರು ಬಗೆಯಾಗಿ ಬರೆಯುತ್ತಾರೆ. ರೋಮನ್ ಲಿಪಿಯಲ್ಲಿ ಕೆಲವರು 'ಜಿ' ಹಾಕುತ್ತಾರೆ, ಕೆಲವರು ಎರಡು 'ಎನ್' ಹಾಕುತ್ತಾರೆ, ಹಳೆಯ ಸಂಪಾದಕರು ಅಕ್ಷರದ ಮೇಲೆ ಕೆಳಗೆ ಚುಕ್ಕೆ ಗೆರೆ ಇಡುತ್ತಾರೆ. ಗಣಕೀಕೃತ ಕ್ಯಾಟಲಾಗಿಗೆ ಇವೆಲ್ಲ ಬೇರೆ ಬೇರೆ ಮನುಷ್ಯರು. ಸಂಪಾದಕರ ಹೆಸರಿನದೂ ಅದೇ ಕಥೆ. ಪ್ರಮಾಣಸಮುಚ್ಚಯದ ಮೊದಲ ಪರಿಚ್ಛೇದವನ್ನು (ಅಧ್ಯಾಯವನ್ನು) ಟಿಬೆಟನ್ನಿನಿಂದ ಸಂಸ್ಕೃತಕ್ಕೆ ಪುನಾರಚಿಸಿ 1930ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದವರು ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್. ನಮ್ಮ ನಾಡಿನ ಪುಸ್ತಕ ಮೈಸೂರಿನಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಕ್ಕೀತು ಎಂದು ಹೊರಟ ನಾನು 'ರಂಗಸ್ವಾಮಿ' ಎಂದು ಹುಡುಕಿದೆ, ಸಿಗಲಿಲ್ಲ. ಕಾರ್ಡ್ ಡ್ರಾಯರಿನ ಎದುರು ಸಪ್ಪಗೆ ನಿಂತಿದ್ದವಳನ್ನು ಕಂಡು ಹಿರಿಯ ಗ್ರಂಥಪಾಲಕರೊಬ್ಬರು, "ಅಯ್ಯಂಗಾರ್ ಅಂತ ನೋಡಿ ಮೇಡಂ, ಆಗಿನವರು ಕೊನೇ ಹೆಸರನ್ನೇ ಮುಂದಿಡ್ತಿದ್ರು" ಎಂದರು. ಕಾರ್ಡು ಅಲ್ಲಿತ್ತು. ನಮ್ಮವರ ಹೆಸರಿನಲ್ಲಿ ಊರು ಯಾವುದು, ಜಾತಿ ಯಾವುದು, ಸ್ವಂತ ಹೆಸರು ಯಾವುದು ಎಂದು ನಿರ್ಧರಿಸುವುದು ಕ್ಯಾಟಲಾಗ್ ಬರೆಯುವವರಿಗೆ ಎಂದೂ ಸುಲಭವಾಗಿರಲಿಲ್ಲವೆಂಬುದು ನನಗೆ ಆಗ ಅರ್ಥವಾಯಿತು. ಈಗ ಯಾವ ಹುಡುಕಾಟಕ್ಕೂ ಮೊದಲು ಒಂದು ಹಾಳೆಯಲ್ಲಿ ಹೆಸರಿನ ರೂಪಗಳನ್ನೆಲ್ಲ ಬರೆದುಕೊಂಡು, ಒಂದೊಂದನ್ನೇ ನೋಡಿ ಹೊಡೆದುಹಾಕುತ್ತ ಹೋಗುತ್ತೇನೆ.

ಎರಡನೆಯ ವರ್ಷ ಗ್ರಂಥಾಲಯಕ್ಕೆ ಹೋಗುವ ಮೊದಲು ಗ್ರಂಥಸೂಚಿಗಳನ್ನು ನೋಡುವ ಬುದ್ಧಿ ಬಂತು. ಭಾರತೀಯ ದರ್ಶನದಲ್ಲಿ ಕೆಲಸ ಮಾಡುವವರಿಗೆ ಕಾರ್ಲ್ ಪಾಟರ್ ಸಿದ್ಧಪಡಿಸಿದ ಗ್ರಂಥಸೂಚಿಗೆ ಸಮನಾದುದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. 1970ರಲ್ಲಿ ಅಚ್ಚಾದ ಅದು ಈಗ ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತದೆ; ದಾರ್ಶನಿಕನ ಹೆಸರಿನ ಕೆಳಗೆ, ಕೃತಿಯ ಕೆಳಗೆ, ಯಾವ ವರ್ಷ ಯಾರು ಸಂಪಾದಿಸಿದರು, ಯಾರು ಅನುವಾದಿಸಿದರು, ಯಾರು ಲೇಖನ ಬರೆದರು ಎಂಬುದೆಲ್ಲ ಸಾಲಾಗಿ ಇರುತ್ತದೆ. ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶದ ಲೇಖನಗಳನ್ನು ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ, ಅಂದರೆ ಕೊನೆಯ ಪುಸ್ತಕಪಟ್ಟಿಯನ್ನು ಮೊದಲು. ಇತ್ತೀಚಿನ ಲೇಖನಗಳಿಗೆ ಫಿಲ್‌ಪೇಪರ್ಸ್ ಎಂಬ ಅಂತರ್ಜಾಲದ ಲೇಖನಸೂಚಿ ಸಾಕು. ಶೋಧಗಂಗಾ ಜಾಲತಾಣದಲ್ಲಿ ನಮ್ಮ ದೇಶದ ಪಿಎಚ್‌.ಡಿ. ಪ್ರಬಂಧಗಳು ರಾಶಿಯಾಗಿವೆ. ಅವುಗಳಿಂದಲೂ ನನಗೆ ಉಪಯೋಗವಾದದ್ದು ಹೆಚ್ಚಾಗಿ ಕೊನೆಯ ಪುಟಗಳೇ, ಆದರೆ ಅದರಲ್ಲೇ ಒಮ್ಮೆ ಎಡವಿದೆ.

ಒಂದು ಪ್ರಬಂಧದಲ್ಲಿ ಕಂಡ ಕಾರಿಕೆಯ (ಸೂತ್ರರೂಪದ ಶ್ಲೋಕದ) ಸಂಖ್ಯೆಯನ್ನು ಹಾಗೆಯೇ ನನ್ನ ಅಧ್ಯಾಯಕ್ಕೆ ಇಳಿಸಿಕೊಂಡಿದ್ದೆ. ಕರಡನ್ನು ಓದುತ್ತಿದ್ದ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟು, "ಇದನ್ನು ನೀವೇ ಕಣ್ಣಾರೆ ನೋಡಿದ್ದೀರೇನಮ್ಮ?" ಎಂದು ಕೇಳಿದರು. ನೋಡಿರಲಿಲ್ಲ. ಹುಡುಕಿದರೆ ಆ ಪ್ರಬಂಧದವರೂ ನೋಡಿರಲಿಲ್ಲ. ಅವರು ಇನ್ನೊಬ್ಬರಿಂದ ಎತ್ತಿಕೊಂಡಿದ್ದ ತಪ್ಪು ನನ್ನವರೆಗೆ ಬಂದಿತ್ತು. ಅಂದು ಸಂಜೆಯೇ ಟಿಪ್ಪಣಿ ಕಾರ್ಡುಗಳಿಗೆ ಒಂದು ಗುರುತಿನ ಪದ್ಧತಿ ಮಾಡಿಕೊಂಡೆ. ಪುಟವನ್ನು ನಾನೇ ನೋಡಿದ್ದರೆ ಕಾರ್ಡಿನ ಮೂಲೆಯಲ್ಲಿ 'ಪ್ರ', ಅಂದರೆ ಪ್ರತ್ಯಕ್ಷ. ಇನ್ನೊಬ್ಬರ ಮಾತನ್ನು ನಂಬಿ ಬರೆದುಕೊಂಡದ್ದಾದರೆ 'ಶ', ಶಬ್ದಪ್ರಮಾಣ. ಇಂಥ ಪುಸ್ತಕದಲ್ಲಿ ಇರಲೇಬೇಕು ಎಂಬುದು ನನ್ನ ಊಹೆ ಮಾತ್ರವಾಗಿದ್ದರೆ 'ಅ', ಅನುಮಾನ. 'ಪ್ರ' ಇಲ್ಲದ ಕಾರ್ಡಿನಿಂದ ಪ್ರಬಂಧದೊಳಗೆ ಒಂದು ಸಾಲೂ ಹೋಗಕೂಡದೆಂಬುದು ಕಟ್ಟುಪಾಡು. (ಪ್ರತ್ಯಕ್ಷ ಮತ್ತು ಅನುಮಾನ ಎರಡೇ ಪ್ರಮಾಣಗಳು, ಅಂದರೆ ಸರಿಯಾದ ಅರಿವಿನ ಸಾಧನಗಳು, ಎಂದ ದಿಙ್ನಾಗನ ಮೇಲೆ ಕೆಲಸ ಮಾಡುತ್ತ ಶಬ್ದಕ್ಕೂ ಒಂದು ಅಕ್ಷರ ಕೊಟ್ಟದ್ದು, ಶಬ್ದವನ್ನೂ ಪ್ರಮಾಣವೆಂದು ಒಪ್ಪುವ ನೈಯಾಯಿಕರ ಪಕ್ಷಪಾತವಾಯಿತೆಂದು ಸಹೋದ್ಯೋಗಿಯೊಬ್ಬರು ಕೆಣಕಿದ್ದುಂಟು.) ಮಳೆಗಾಲದಲ್ಲಿ ಕಾರ್ಡುಗಳಿಗೆ ಬೂಷ್ಟು ಹಿಡಿಯದಂತೆ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಈಗಲೂ ಅವುಗಳಿಗೆ ಹೊಗೆಯ ವಾಸನೆ.

ನಿಜವಾದ ದಾರಿ ತೆರೆದದ್ದು ಎದುರಾಳಿಗಳ ಪುಸ್ತಕಗಳಲ್ಲಿ. 'ಪ್ರತ್ಯಕ್ಷಂ ಕಲ್ಪನಾಪೋಢಂ', ಕಲ್ಪನೆಯ ಬೆರಕೆಯಿಲ್ಲದ್ದು ಪ್ರತ್ಯಕ್ಷ, ಎಂಬ ದಿಙ್ನಾಗನ ಲಕ್ಷಣವನ್ನು ಖಂಡಿಸುವುದಕ್ಕಾಗಿಯೇ ನೈಯಾಯಿಕ ಉದ್ಯೋತಕರ ತನ್ನ ನ್ಯಾಯವಾರ್ತಿಕದಲ್ಲಿ ಎತ್ತಿಕೊಳ್ಳುತ್ತಾನೆ. ಆದರೆ ಹೆಸರು ಹೇಳುವುದಿಲ್ಲ. 'ಅಪರೇ ತು', ಬೇರೆ ಕೆಲವರು ಹೀಗೆ ತಿಳಿಯುತ್ತಾರೆ, ಎಂದು ಶುರುಮಾಡುತ್ತಾನೆ. ಆ 'ಬೇರೆ ಕೆಲವರು' ಯಾರೆಂದು ಹೇಳುವವನು ಶತಮಾನಗಳ ನಂತರ ಅದಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ದಿಙ್ನಾಗನನ್ನು ಹುಡುಕಿದರೆ ಮೂಲದ ಈ ಪುಟ ಸಿಗುವುದೇ ಇಲ್ಲ. ಹಾಗಾಗಿ ನಾನು ಪೂರ್ವಪಕ್ಷ, ಅಂದರೆ ಖಂಡಿಸಲೆಂದು ಮುಂದಿಡುವ ಎದುರಾಳಿಯ ವಾದ, ಎಲ್ಲಿ ಆರಂಭವಾಗುತ್ತದೆಂದು ನೋಡುತ್ತ, 'ಅಪರೇ', 'ಕೇಚಿತ್', 'ಅನ್ಯೇ' ಎಂಬ ಪದಗಳು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತ (ನನ್ನ ಜೆರಾಕ್ಸ್ ಪ್ರತಿಯಲ್ಲಿ), ಅದೇ ಜಾಗದ ಟೀಕೆಯನ್ನು ಪಕ್ಕದಲ್ಲಿಟ್ಟು ಓದಲು ಕಲಿತೆ. ಮೀಮಾಂಸಕ ಕುಮಾರಿಲನ ಶ್ಲೋಕವಾರ್ತಿಕದ ಪ್ರತ್ಯಕ್ಷ ಪ್ರಕರಣವನ್ನೂ ಹೀಗೆಯೇ ಓದಿದೆ. ಜೈನ ಮುನಿ ಜಂಬೂವಿಜಯರು ಸಂಪಾದಿಸಿದ ಮಲ್ಲವಾದಿಯ 'ದ್ವಾದಶಾರ ನಯಚಕ್ರ'ದ ಪರಿಶಿಷ್ಟದಲ್ಲಿ ಪ್ರಮಾಣಸಮುಚ್ಚಯದ ಭಾಗಗಳು ಟಿಬೆಟನ್ ಸಮೇತ ಇವೆ. ಜೈನ ಗ್ರಂಥವೊಂದರ ಬಾಲದಲ್ಲಿ ಬೌದ್ಧ ಗ್ರಂಥ ಅಡಗಿದೆಯೆಂದು ಯಾವ ಕ್ಯಾಟಲಾಗ್ ಕಾರ್ಡೂ ನನಗೆ ಹೇಳಲಿಲ್ಲ, ಒಂದು ಅಡಿಟಿಪ್ಪಣಿ ಹೇಳಿತು.

2005ರಲ್ಲಿ ಪ್ರಮಾಣಸಮುಚ್ಚಯಕ್ಕೆ ಜಿನೇಂದ್ರಬುದ್ಧಿ ಬರೆದ ಟೀಕೆಯ ಮೊದಲ ಪರಿಚ್ಛೇದ ಸಂಸ್ಕೃತದಲ್ಲಿ ಪ್ರಕಟವಾಯಿತು, ಅದರ ಆಧಾರದಿಂದ ಅರ್ನ್ಸ್ಟ್ ಸ್ಟೈನ್‌ಕೆಲ್ನರ್ ಅವರು ದಿಙ್ನಾಗನ ಮೊದಲ ಪರಿಚ್ಛೇದವನ್ನು ಪುನಾರಚಿಸಿದರು. ಅದು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರ ಮುದ್ರಿತ ಹಾಳೆಗಳನ್ನೂ ನಮ್ಮ ಅಯ್ಯಂಗಾರರ 1930ರ ಪುಸ್ತಕದ ಜೆರಾಕ್ಸನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಒಂದು ಜುಲೈ ತಿಂಗಳನ್ನು ಕಳೆದೆ. ಎರಡೂ ಒಂದಾಗದ ಕಡೆ ಟಿಬೆಟನ್ ಪಾಠವೇ ತೀರ್ಪು ಹೇಳಬೇಕಾಗಿತ್ತು. ಮಸಾಕಿ ಹತ್ತೋರಿಯವರ 1968ರ ಪುಸ್ತಕದಲ್ಲಿ ಎರಡು ಟಿಬೆಟನ್ ಅನುವಾದಗಳೂ ಅಚ್ಚಾಗಿವೆ, ಪುಸ್ತಕ ನನ್ನಲ್ಲಿತ್ತು, ಆದರೆ ನನಗೆ ಟಿಬೆಟನ್ ಬಾರದು.

ದೆಹಲಿಗೋ ವಾರಾಣಸಿಗೋ ಹೋಗಬೇಕೆಂದು ಲೆಕ್ಕ ಹಾಕುತ್ತಿದ್ದ ನನಗೆ, ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಟಿಬೆಟನ್ ನಿರಾಶ್ರಿತರ ಬೈಲುಕುಪ್ಪೆ ಎಂಬುದು ಹೊಳೆಯಲು ನಾಲ್ಕು ವರ್ಷ ಬೇಕಾಯಿತು. ನೆಂಟರು ಬಂದಾಗಲೆಲ್ಲ ಚಿನ್ನದ ಬಣ್ಣದ ಬುದ್ಧನನ್ನು ತೋರಿಸಲು ಕರೆದುಕೊಂಡು ಹೋಗುತ್ತಿದ್ದ ಜಾಗ ಅದು. ಮೊದಲೇ ಪತ್ರ ಬರೆದು ಅನುಮತಿ ಪಡೆದು ಅಲ್ಲಿನ ಒಂದು ಮಠದ ಗ್ರಂಥಾಲಯಕ್ಕೆ ಹೋದೆ. ಟಿಬೆಟನ್ ಬೌದ್ಧ ಗ್ರಂಥಗಳಿಗೆ ವಿದ್ವಾಂಸರು ಬಳಸುವ ತೊಹೊಕು ಸೂಚಿಯಲ್ಲಿ ಪ್ರಮಾಣಸಮುಚ್ಚಯದ ಸಂಖ್ಯೆಯಾದ 4203 ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅಲ್ಲಿನ ಗೆಶೆಯವರು (ಪಂಡಿತ ಭಿಕ್ಷು) ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದರು. 'ತ್ಸೆಮಾ ಕುಂತೂ' ಎಂದು ಟಿಬೆಟನ್ ಹೆಸರನ್ನು ತಡವರಿಸುತ್ತ ಹೇಳಿದ ಕೂಡಲೇ ಎದ್ದುಹೋಗಿ, ಬಟ್ಟೆಯಲ್ಲಿ ಸುತ್ತಿ ಹಲಗೆಗಳ ನಡುವೆ ಕಟ್ಟಿದ್ದ ಉದ್ದನೆಯ ಬಿಡಿಹಾಳೆಗಳ ಕಟ್ಟನ್ನು ತಂದರು. ಭಾರತೀಯ ಆಚಾರ್ಯರ ಗ್ರಂಥಗಳ ಟಿಬೆಟನ್ ಅನುವಾದಗಳಿರುವ ತೆಂಗ್ಯುರ್ ಸಂಗ್ರಹದ ಪ್ರಮಾಣ ವಿಭಾಗದ ಮೊದಲ ಸಂಪುಟ. ನನ್ನ ಹೆಸರುಗಳ ಹಾಳೆಗೆ ಇನ್ನೊಂದು ಹೆಸರು ಸೇರಿತು.

ಗೆಶೆಯವರ ಕನ್ನಡ ಅಂಗಡಿ ವ್ಯಾಪಾರಕ್ಕೆ ಸಾಕಾಗುವಷ್ಟು, ನನ್ನ ಹಿಂದಿ ಅದಕ್ಕಿಂತ ತುಸು ಮೇಲು. ಕಾರಿಕೆಯ ಜಾಗಕ್ಕೆ ಬೆರಳಿಟ್ಟು ಓದಿ, "ಇದು ತೊಕ್ಪಾ. ತೊಕ್ಪಾ ಅಂದ್ರೆ ಕಲ್ಪನಾ. ಇದು ಇಲ್ಲ, ದೂರ" ಎಂದು ಕೈಯನ್ನು ಪಕ್ಕಕ್ಕೆ ಸರಿಸಿ ತೋರಿಸಿದರು. ಅಂಥ ಹನ್ನೊಂದು ಜಾಗಗಳನ್ನು ನಾಲ್ಕು ಶನಿವಾರಗಳಲ್ಲಿ ನೋಡಿದೆವು. ಮನೆಗೆ ಬಂದು ಕಾರ್ಡುಗಳನ್ನು ಬರೆಯುವಾಗ ಮೂಲೆಯ ಗುರುತಿನ ಹತ್ತಿರ ಕೈ ತಡೆಯಿತು. ಹಾಳೆಯನ್ನು ನಾನೇ ನೋಡಿದ್ದೆ, ಅಕ್ಷರದ ಮೇಲೆ ಅವರ ಬೆರಳನ್ನೂ ನೋಡಿದ್ದೆ, ಓದಿದ್ದು ಮಾತ್ರ ಅವರು. ಹನ್ನೊಂದಕ್ಕೂ 'ಶ' ಎಂದೇ ಹಾಕಿ, ಆ ವರ್ಷದಿಂದ ಟಿಬೆಟನ್ ಅಕ್ಷರಮಾಲೆ ಕಲಿಯತೊಡಗಿದೆ.