ಕಂಬಳಿ ನೂಲಿಗೆ ಹುಣಸೆ ಬೀಜದ ಗಂಜಿ

ಕಂಬಳಿ ನೇಯಲು ಹೊಸದಾಗಿ ಕೂತವರು ಮೊದಲು ಸೋಲುವುದು ಗಂಜಿಯ ಹತ್ತಿರ. ಡೆಕ್ಕನಿ ಕುರಿಯ ಉಣ್ಣೆ ಒರಟು, ಗಿಡ್ಡ. ರಾಟೆಯಲ್ಲಿ ನೂತ ಒಂಟಿ ಎಳೆಯ ಮೈತುಂಬ ಕೂದಲು ಎದ್ದಿರುತ್ತದೆ. ಹಾಗೇ ಮಗ್ಗಕ್ಕೇರಿಸಿದರೆ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ, ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಅಡ್ಡ ನೂಲು ಒಯ್ಯುವ ಲಾಳಿಗೆ ದಾರಿ ಬಿಡುವುದಿಲ್ಲ, ಕೊನೆಗೆ ಹರಿಯುತ್ತವೆ. ಆ ಕೂದಲನ್ನು ಮಲಗಿಸುವುದೇ ಗಂಜಿ.

ನಾವು 1 ಕಿಲೋ ಹುಣಸೆ ಬೀಜವನ್ನು ಸಿಪ್ಪೆ ಬಿರಿಯುವಷ್ಟೇ ಹುರಿದು, ಒರಳಲ್ಲಿ ಹಗುರಾಗಿ ಕುಟ್ಟಿ, ಕೇರಿ ತೆಗೆಯುತ್ತೇವೆ. 600 ಗ್ರಾಂ ಮೇಲೆ ಬೇಳೆ ಸಿಗುತ್ತದೆ. ಬೀಜ ಕಪ್ಪಾದರೆ ಅಂಟು ಹೋಯಿತು. ಸಿಪ್ಪೆ ಉಳಿದರೆ ಅದರ ಒಗರು ಬಿಳಿ ಉಣ್ಣೆಗೆ ಕಂದು ಕಲೆ ಹಿಡಿಸುತ್ತದೆ. ಬೇಳೆಯನ್ನು ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಿ, ಸುಮಾರು 8 ಲೀಟರ್ ತಣ್ಣೀರಿನಲ್ಲಿ ಕದಡಿ, ಆಮೇಲೆ ಒಲೆಗೇರಿಸಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ. ಆ ಗಂಟು ಎಳೆಯ ಮೇಲೆ ಒಣಗಿ, ಮಗ್ಗದ ಹಣಿಗೆಯಲ್ಲಿ ಸಿಕ್ಕಿ ನೂಲು ಕಡಿಯುತ್ತದೆ. ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮೇಲೆ ಕೈಯಾಡಿಸುತ್ತಲೇ ಇರಬೇಕು. ಮಸಕು ಬಣ್ಣ ಹೋಗಿ ಹೊಳಪು ಬಂದಾಗ ಒಂದು ಹನಿ ಆರಿಸಿ ಎರಡು ಬೆರಳ ನಡುವೆ ಹಿಡಿದು ಬಿಡಿಸಿ ನೋಡಿ: ಸಣ್ಣ ಎಳೆ ಎದ್ದು, ಚೂರು ನಿಂತು ತುಂಡಾದರೆ ಹದ. ಎಳೆಯೇ ಬರದಿದ್ದರೆ ಇನ್ನೂ ಕುದಿಯಲಿ. ಬಟ್ಟೆಯಲ್ಲಿ ಸೋಸಿ ಅಂದೇ ಬಳಸಿ, ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ.

ಹಾಸನ್ನು ಬಯಲಲ್ಲಿ ಗೂಟಗಳ ನಡುವೆ ಬಿಗಿದು, ಬೆಳಗಿನ ಹೊತ್ತಲ್ಲೇ ಕುಂಚದಿಂದ ಹಚ್ಚುತ್ತೇವೆ. ಕುಂಚ ಒಂದೇ ದಿಕ್ಕಿಗೆ ಓಡಬೇಕು. ಹಿಂದೆ ಮುಂದೆ ಉಜ್ಜಿದರೆ ಮಲಗಿದ ಕೂದಲು ಮತ್ತೆ ಏಳುತ್ತದೆ. ಅಡಿಯಿಂದಲೂ ಹಚ್ಚಿ, ಅರೆ ಒಣಗಿದಾಗ ಎಳೆಗಳನ್ನು ಬೆರಳಲ್ಲಿ ಬಿಡಿಸಿ. ಪೂರ್ತಿ ಒಣಗಿದ ಮೇಲೆ ಬಿಡಿಸಹೋದರೆ ಗಂಜಿ ಕಿತ್ತು ಬರುತ್ತದೆ. ಗಂಜಿ ತೆಳುವಾದರೆ ಕೂದಲು ಮಲಗದು, ದಪ್ಪವಾದರೆ ನೂಲು ಕಡ್ಡಿಯಂತಾಗಿ ಮುರಿಯುತ್ತದೆ. ಮೋಡವಿದ್ದ ದಿನ ಈ ಕೆಲಸ ಬೇಡವೇ ಬೇಡ. ಹಸಿ ಗಂಜಿಗೆ ಬೂಷ್ಟು ಹಿಡಿಯುತ್ತದೆ.

ಮೈದಾ ಗಂಜಿ ಬೇಗ ಆಗುತ್ತದೆ ನಿಜ. ಆದರೆ ಅದು ಪುಡಿಯಾಗಿ ಉದುರುತ್ತದೆ, ಹುಳುವನ್ನೂ ಕರೆಯುತ್ತದೆ. ಕುರುಬರ ದೇವರು ಬೀರಪ್ಪನ ಗದ್ದುಗೆಗೆ ಹಾಸುವ ಕರಿ ಕಂಬಳಿಗೆ ನಾವಂತೂ ಅದನ್ನು ಮುಟ್ಟಿಸುವುದಿಲ್ಲ. ನೇಯ್ದಾದ ಮೇಲೂ ತೆಳು ಹುಣಸೆ ಗಂಜಿ ಬಳಿದು, ಬಿಗಿದು ಒಣಗಿಸಿದರೆ ಕಂಬಳಿಗೆ ಬಿರುಸು ಬರುತ್ತದೆ, ತುಂತುರು ಮಳೆ ಬೇಗ ಒಳಗಿಳಿಯುವುದಿಲ್ಲ.

ಈಗ ಮಾಂಸಕ್ಕೆಂದು ಬೇರೆ ತಳಿಯ ಟಗರು ಬಿಟ್ಟ ಹಿಂಡುಗಳ ಉಣ್ಣೆಯೇ ಹೆಚ್ಚು ಬರುತ್ತಿದೆ. ಅದರಲ್ಲಿ ಗಡಸು ಕೂದಲು ಜಾಸ್ತಿ, ಗಂಜಿ ಬೇಗ ಹಿಡಿಯದು. ಅಂಥ ನೂಲಿಗೆ 1 ಲೀಟರ್ ನೀರು ಕಡಿಮೆ ಮಾಡಿ, ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಿ.