ಪ್ರಾಜೆಕ್ಟಿನ ಎಂಟು ಸೆಷನ್ ಮುಗಿದ ಮೇಲೆ: ಫೀಸಿಗಿಂತ ಮೊದಲು ಬಸ್ಸಿನ ಲೆಕ್ಕ

ಖಿನ್ನತೆ ಇರುವವರಿಗೆ ಪ್ರಾಜೆಕ್ಟ್ ಹಣದಲ್ಲಿ ಎಂಟು ಸಮಾಲೋಚನೆ ಸೆಷನ್ ಕೊಟ್ಟು, ಕೊನೆಯ ದಿನ ಶಿವಮೊಗ್ಗದ ಯಾರೋ ಖಾಸಗಿ ಸಮಾಲೋಚಕರ ವಿಳಾಸ ಚೀಟಿಯಲ್ಲಿ ಬರೆದುಕೊಟ್ಟರೆ ಜನ ಹೋಗುವುದಿಲ್ಲ. ಹೋದವರೂ ಎರಡನೇ ಸಲಕ್ಕೆ ನಿಲ್ಲಿಸುತ್ತಾರೆ. ಈ ಕೆಲಸದಲ್ಲಿರುವವರಿಗೆಲ್ಲ ಇದು ಗೊತ್ತು. ಫೀಸು ಜಾಸ್ತಿ ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಹೊಸನಗರದ ಒಳಗಿನ ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬರಲು ಬಸ್ಸಿಗೆ ಹೆಚ್ಚುಕಡಿಮೆ 200, ಊಟ-ಕಾಫಿಗೆ 100, ಬಿಟ್ಟ ಕೂಲಿ 500, ಖಾಸಗಿ ಫೀಸು 700. ಒಂದು ಸಲಕ್ಕೆ 1500, ತಿಂಗಳಿಗೆ ನಾಲ್ಕು ಸಲ ಅಂದರೆ 6000. ಫೀಸು ಪೂರ್ತಿ ಬಿಡಿಸಿಕೊಟ್ಟರೂ 3200 ಕೈಬಿಡುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ ನಿಜ, ಆದರೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು.

ಅದಕ್ಕೇ ನಾನು ಮೊದಲು ಎಂಟು ಸೆಷನ್ನುಗಳ ನಡುವಿನ ಅಂತರವನ್ನೇ ಹಿಗ್ಗಿಸಿದೆ. ಐದು ಸೆಷನ್ ವಾರಕ್ಕೊಂದು, ಆರನೆಯದು ಎರಡು ವಾರ ಬಿಟ್ಟು, ಏಳನೆಯದು ನಾಲ್ಕು ವಾರ ಬಿಟ್ಟು, ಎಂಟನೆಯದು ಎಂಟು ವಾರ ಬಿಟ್ಟು. ಒಟ್ಟು ಹದಿನೆಂಟು ವಾರ, ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. "ಅಷ್ಟು ದಿನ ಬಿಟ್ರೆ ಯಾರೂ ವಾಪಸ್ ಬರೋಲ್ಲ ಕಣ್ರೀ" ಅಂದವರೇ ಹೆಚ್ಚು. ಬಂದರು; ಹತ್ತರಲ್ಲಿ ಏಳೆಂಟು ಜನ. ಹಿಂದೆ ವಾರವಾರ ಮುಗಿಸಿದಾಗ ಎಂಟನೆಯದಕ್ಕೆ ಅರ್ಧ ಜನವೂ ಇರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಮುಗಿಸಬೇಕೆಂಬ ನಿಯಮ ಕೆಲವು ಪ್ರಾಜೆಕ್ಟುಗಳಲ್ಲಿ ಇರುತ್ತದೆ. ಮೊದಲ ವಾರವೇ ಪತ್ರ ಬರೆದು ಒಪ್ಪಿಗೆ ತೆಗೆದಿಟ್ಟುಕೊಳ್ಳಿ, ಕೊನೆಗೆ ಕೇಳಿದರೆ ಕೊಡುವುದಿಲ್ಲ.

ಇದು ಎಲ್ಲರಿಗೂ ಅಲ್ಲ. ಐದನೇ ಸೆಷನ್ನಿಗೆ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ (ಪ್ರತಿಯೊಂದಕ್ಕೆ ಸೊನ್ನೆಯಿಂದ ಮೂರು ಅಂಕ) ಪಟ್ಟಿಯಾದ ಪಿಎಚ್‌ಕ್ಯೂ-9 ಅಂಕ ಐದಾದರೂ ಇಳಿದಿರಬೇಕು. ಇಳಿಯದವರಿಗೆ, ಸಾಯುವ ಯೋಚನೆ ಇರುವವರಿಗೆ, ಭ್ರಮೆಯ ಕಾಯಿಲೆ ಇರುವವರಿಗೆ ಅಂತರ ಹಿಗ್ಗಿಸಬಾರದು. ಅವರನ್ನು ಕೂಡಲೇ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು, ಚೀಟಿ ಕೊಟ್ಟು ಕಳಿಸುವುದಲ್ಲ.

ಅಂಕದ ವಿಷಯದಲ್ಲಿ ಇನ್ನೊಂದು ಮಾತು. ಅಡಿಕೆ ಕೊಯ್ಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿದು ಬೇಯಿಸುವ ಮನೆಯಲ್ಲಿ ನಿದ್ದೆ ಮತ್ತು ಸುಸ್ತಿನ ಪ್ರಶ್ನೆಗೆ ಗಟ್ಟಿಮುಟ್ಟಾದವರೂ ಮೂರು ಮೂರು ಅಂತಾರೆ. ಆರು ಅಂಕ ಅಲ್ಲೇ ಬಂತು. ಆ ತಿಂಗಳುಗಳಲ್ಲಿ ಮೊದಲ ಎರಡು ಪ್ರಶ್ನೆ ನೋಡಿ: ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಸಾಯುವ ಯೋಚನೆ ಕೇಳುವ ಒಂಬತ್ತನೆಯದನ್ನು ಹಾಳೆ ಕೊಟ್ಟು ತುಂಬಿಸಬೇಡಿ, ಬಾಯಲ್ಲಿ ಕೇಳಿ.

ಎಂಟು ಸೆಷನ್ನಿನ ಆಚೆಯದು ಸರ್ಕಾರ ಮತ್ತು ಖಾಸಗಿಯವರ ನಡುವೆ ಹಂಚಿಕೆಯ ಕೆಲಸ. ಮಾತ್ರೆ ಪೂರ್ತಿ ಸರ್ಕಾರದ ಕಡೆಗೆ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅರ್ಧ ದಿನದಲ್ಲಿ ಮುಗಿಯುತ್ತದೆ. ಅಲ್ಲಿ ಮಾತಿಗೆ ಸಮಯ ಸಿಗುವುದಿಲ್ಲ, ಸಾಲು ಉದ್ದ. ನಿರೀಕ್ಷಿಸಿ ಹೋದವರು ಬೇಜಾರಾಗಿ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಮೊದಲೇ ಹೇಳಿ ಕಳಿಸಬೇಕು. ಸ್ಟಾಕ್ ಖಾಲಿ ಇದ್ದರೆ ಜನೌಷಧಿ ಕೇಂದ್ರ. ಬ್ರ್ಯಾಂಡ್ ಬದಲು ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಎಂಬಂಥ ಖಿನ್ನತೆಯ ಮಾತ್ರೆಗಳ ಮೂಲ ಹೆಸರೇ ಚೀಟಿಯಲ್ಲಿರಲಿ, ಮನೆಯಲ್ಲಿ ಹತ್ತು ದಿನದ ಮಾತ್ರೆ ಹೆಚ್ಚಿಗೆ ಇರಲಿ. ಸೆಷನ್ ಮುಗಿಯಿತು ಅಂತ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಿದವರಿಗೆ ನಾಲ್ಕೈದು ದಿನದಲ್ಲೇ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ, ಸಿಡಿಮಿಡಿ ಶುರುವಾಗಬಹುದು. ಕಾಯಿಲೆ ಮರಳಿತು ಅಂದುಕೊಳ್ಳುತ್ತಾರೆ. ಅದು ಮಾತ್ರೆ ಹಠಾತ್ತಾಗಿ ನಿಂತದ್ದರ ಫಲ. ಇಳಿಸುವುದು ಡಾಕ್ಟರ ಕೈಯಲ್ಲೇ ಆಗಬೇಕು. ಬಿಪಿಎಲ್ ಕಾರ್ಡ್ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಹೇಳಿ: ಬಡತನ ರೇಖೆಗಿಂತ ಕೆಳಗಿರುವವರಿಗೆ ಕಾರ್ಡ್ ಇರಲಿ ಬಿಡಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.

ಮಾತಿಗೆ ತಿಂಗಳಿಗೆ ಒಂದು ಖಾಸಗಿ ಸೆಷನ್, ಬಸ್ಸು ಕೂಲಿ ಎಲ್ಲ ಸೇರಿ 1500. ನಡುವೆ ಇಪ್ಪತ್ತು ನಿಮಿಷದ ಎರಡು ಫೋನ್, ತಲಾ 150. ಒಟ್ಟು 1800, ಆರು ಸಾವಿರದ ಮೂರನೇ ಒಂದಕ್ಕೂ ಕಡಿಮೆ. ಫೋನಿಗೆ ಗೊತ್ತಾದ ವಾರ, ಗೊತ್ತಾದ ಗಂಟೆ. ವಾಟ್ಸಾಪ್‌ನಲ್ಲಿ ಯಾವಾಗ ಬೇಕಾದರೂ ಬರೆಯಿರಿ ಅಂದ ಪ್ರಯೋಗ ಎರಡೇ ತಿಂಗಳಲ್ಲಿ ಕೆಟ್ಟಿತು, ನಡುರಾತ್ರಿಯ ಧ್ವನಿಸಂದೇಶಗಳಿಗೆ ಕೊನೆಯೇ ಇರಲಿಲ್ಲ. 150ಕ್ಕೆ ಖಾಸಗಿಯವರನ್ನು ಒಪ್ಪಿಸುವ ಬಗೆ ಮಾತ್ರ ನನ್ನ ಹತ್ತಿರವೇ ಇರಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಫೋನಿನಲ್ಲಿ ಹೊಸದೇನೂ ಮಾಡುವುದಿಲ್ಲ, ದಿನದಿನ ಮಾಡಬೇಕಾದ ಚಟುವಟಿಕೆಯ ಪಟ್ಟಿ ನೋಡುವುದು ಅಷ್ಟೇ. ಗೋವಾದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆರೆಂಟು ಸೆಷನ್ನಿನಲ್ಲಿ ಇದೇ ವಿಧಾನದಿಂದ ಖಿನ್ನತೆ ಇಳಿಸಿದ್ದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಪಟ್ಟಿಯಲ್ಲಿ ವಾಕಿಂಗ್ ಬರೆಸಿದರೆ ಜುಲೈ ಮಳೆಯಲ್ಲಿ ಎಲ್ಲವೂ ನಿಲ್ಲುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ಬರೆಸಿ. ಮಳೆಯಾದರೂ ಹೋಗಲೇಬೇಕು, ನಾಲ್ಕು ಜನ ಸಿಗುತ್ತಾರೆ.

ಗುಂಪು ಮಾಡಿ ಖರ್ಚು ಇಳಿಸುವುದನ್ನೂ ನೋಡಿದ್ದಾಯಿತು. ಒಂದೇ ಊರಿನ ಐವರನ್ನು ಕೂರಿಸಿದರೆ ಯಾರೂ ಬಾಯಿಬಿಡುವುದಿಲ್ಲ. ಬೇಲಿ ಜಗಳ, ನೆಂಟಸ್ತಿಕೆ, ಜಾತಿ ಎಲ್ಲವೂ ಕೋಣೆಯೊಳಗೆ ಕೂತಿರುತ್ತವೆ. ಸಾಗರ, ತೀರ್ಥಹಳ್ಳಿ, ಸೊರಬದಿಂದ ಬೇರೆಬೇರೆಯಾಗಿ ನಾಲ್ವರು ಶಿವಮೊಗ್ಗದಲ್ಲಿ ಕೂತಾಗ ನಡೆಯಿತು. ಬಾಡಿಗೆ 200, ಸಮಾಲೋಚಕರಿಗೆ 800, ತಲೆಗೆ 250. ಆದರೆ ಬಸ್ಸು, ಕೂಲಿ ಎಲ್ಲ ಹಾಗೇ ಉಳಿಯಿತಲ್ಲ, ಹಾಗಾಗಿ ಪೇಟೆಗೆ ಬೇರೆ ಕೆಲಸಕ್ಕೆ ಹೇಗೂ ಬರುವವರಿಗಷ್ಟೇ ಇದು ಲಾಭ. ನಿಮ್ಹಾನ್ಸ್ ಕೂಡ ಹಾಗೆಯೇ: ಕಾಯಿಲೆ ಯಾವುದೆಂದು ಒಮ್ಮೆ ಗಟ್ಟಿ ಮಾಡಿಸಿಕೊಂಡು ಬರಲು ಸರಿ, ವಾರವಾರದ ಮಾತಲ್ಲ.

ಏಳನೇ ಸೆಷನ್ನಿನಲ್ಲಿ ಒಂದು ಹಾಳೆ ಬರೆಸುತ್ತೇನೆ. ಮಾತ್ರೆ ಮತ್ತು ಪ್ರಮಾಣ, ಮೊದಲ ಮತ್ತು ಈಗಿನ ಅಂಕ, ಯಾವುದು ಫಲ ಕೊಟ್ಟಿತು, ಕೆಡುವ ಮೊದಲು ಮನೆಯವರಿಗೆ ಕಾಣುವ ಮೂರು ಲಕ್ಷಣ, ಕಳೆನಾಶಕ ಮತ್ತು ತೋಟದ ಔಷಧಿ ಇಟ್ಟ ಜಾಗದ ಬೀಗದ ಕೈ ಯಾರ ಹತ್ತಿರ. ಮಂಗಳವಾರದ ಡಾಕ್ಟರಿಗೆ ಇದೇ ಹಾಳೆ ತೋರಿಸಿದರೆ ಐದು ನಿಮಿಷದಲ್ಲಿ ಕೆಲಸವಾಗುತ್ತದೆ. ಅದೇ ದಿನ ನನ್ನೆದುರಿಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಒಂದು ಫೋನ್ ಮಾಡಿಸುತ್ತೇನೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ಮಾಡಿದವರು ಕಷ್ಟದ ರಾತ್ರಿಯಲ್ಲಿ ಮತ್ತೆ ಮಾಡುತ್ತಾರೆ. ನಂಬರ್ ಮಾತ್ರ ಬರೆದುಕೊಂಡವರು ಮಾಡಿದ್ದು ನಾನು ಕಂಡಿಲ್ಲ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನೂ ಹಾಳೆಯಲ್ಲೇ ಬರೆಸಿ, ಮಳೆಗಾಲದಲ್ಲಿ ಕರೆಂಟ್ ಹೋದ ಮೇಲೆ ಆ ಮೂಲೆ ಬದಲಾಗುವುದೂ ಉಂಟು.