ನಕಲಿ ಖಾತೆ ಅಳಿಸುವ ಮುನ್ನ: ಕ್ಯಾಲಿಫೋರ್ನಿಯಾಕ್ಕೆ ಬಂದಿರುವ ಕನ್ನಡಿಗರಿಗೆ

ಇಲ್ಲಿನ ಕನ್ನಡಿಗರಲ್ಲಿ ಯಾರದಾದರೂ ಹೆಸರು, ಫೋಟೊ ಬಳಸಿ ನಕಲಿ ಖಾತೆ ತೆರೆದಿದ್ದಾರೆಂದು ತಿಳಿದ ಕೂಡಲೇ ವಾಟ್ಸ್ಯಾಪ್ ಗುಂಪಿನಲ್ಲಿ ಕರೆ ಹೋಗುತ್ತದೆ: ಎಲ್ಲರೂ ಈಗಲೇ ರಿಪೋರ್ಟ್ ಮಾಡಿ, ಖಾತೆ ಮುಚ್ಚಿಸಿ. ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಕರೆ ಕೊಟ್ಟೆ, ಅದಕ್ಕೆ ಬೆಲೆಯನ್ನೂ ತೆತ್ತೆ. ಅದೇ ತಪ್ಪನ್ನು ಈ ವರ್ಷ ಮೂವರು ಹೊಸಬರು ಮಾಡಿದ್ದನ್ನು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾ ದಂಡಸಂಹಿತೆಯ 528.5ನೇ ಸೆಕ್ಷನ್ 2011ರ ಜನವರಿ 1ರಿಂದ ಜಾರಿಯಲ್ಲಿದೆ. ನಿಜವಾಗಿ ಇರುವ ವ್ಯಕ್ತಿಯೊಬ್ಬರ ಸೋಗನ್ನು, ಅವರ ಒಪ್ಪಿಗೆಯಿಲ್ಲದೆ, ನೋಡಿದವರು ನಂಬುವ ರೀತಿಯಲ್ಲಿ ಅಂತರ್ಜಾಲದಲ್ಲಿ ಹಾಕಿದವರ ಉದ್ದೇಶ ಹಾನಿ ಮಾಡುವುದು, ಹೆದರಿಸುವುದು, ಬೆದರಿಸುವುದು ಅಥವಾ ವಂಚಿಸುವುದಾಗಿದ್ದರೆ ಅವರಿಗೆ 1,000 ಡಾಲರ್‌ವರೆಗೆ ದಂಡ, ಕೌಂಟಿ ಜೈಲಿನಲ್ಲಿ ಒಂದು ವರ್ಷದವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ನಷ್ಟವಾದವರು ಇದೇ ಸೆಕ್ಷನ್ ಆಧಾರದ ಮೇಲೆ ಮೂರು ವರ್ಷಗಳೊಳಗೆ ಪರಿಹಾರಕ್ಕಾಗಿ ಸಿವಿಲ್ ದಾವೆಯನ್ನೂ ಹೂಡಬಹುದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಅಲ್ಲಿ ವಂಚನೆ ನಡೆದಿರಬೇಕು, ಇಲ್ಲಿ ಹೆದರಿಸುವ ಉದ್ದೇಶವೊಂದೇ ಸಾಕು. ಈ ವಿಷಯದಲ್ಲಿ ಇಲ್ಲಿನ ಕಾನೂನೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಪುರಾವೆಯನ್ನು ನಾವೇ ಅಳಿಸಿಬಿಟ್ಟರೆ ಯಾವ ಸೆಕ್ಷನ್ನೂ ಕೆಲಸಕ್ಕೆ ಬರುವುದಿಲ್ಲ. ನನ್ನ ಹೆಸರಿನ ನಕಲಿ ಖಾತೆಯಿಂದ ಪರಿಚಿತರಿಗೆಲ್ಲ ಹಣ ಕೇಳಿ ಸಂದೇಶ ಹೋಗಿತ್ತು, ಗೆಳೆಯರೊಬ್ಬರು ನಂಬಿ 400 ಡಾಲರ್ ಕಳಿಸಿದ್ದರು. ನಲವತ್ತು ಜನ ಸೇರಿ ರಿಪೋರ್ಟ್ ಮಾಡಿದೆವು, ಸಂಜೆಯೊಳಗೆ ಖಾತೆ ಮಾಯವಾಯಿತು, ನಾವು ಗೆದ್ದೆವೆಂದುಕೊಂಡೆವು. ಮರುದಿನ ಠಾಣೆಯಲ್ಲಿ ಅಧಿಕಾರಿ ನನ್ನ ಸ್ಕ್ರೀನ್‌ಶಾಟ್ ಮುದ್ರಿಸಿಕೊಂಡು, ಹಾಳೆಯ ಮೇಲಂಚಿನಲ್ಲಿ ಬೆರಳಿಟ್ಟು, ಖಾತೆಯ ವಿಳಾಸ, ಅಂದರೆ ಅದರ ವೆಬ್ ಕೊಂಡಿ, ಎಲ್ಲಿ ಎಂದು ಕೇಳಿದರು. ನನ್ನ ಹೆಸರು, ಫೋಟೊ ಮಾತ್ರ ಕಾಣಲೆಂದು ಆ ಭಾಗವನ್ನು ನಾನೇ ಕತ್ತರಿಸಿ ತೆಗೆದಿದ್ದೆ. ಒಂದೇ ಹೆಸರಿನ ಖಾತೆಗಳು ನೂರಾರು ಇರುತ್ತವೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಆ ವಿಳಾಸವೇ. ಗೆಳೆಯರ ಬಳಿಯಾದರೂ ಸಂದೇಶಗಳು ಉಳಿದಿರಬಹುದೆಂದು ಫೋನ್ ಮಾಡಿದರೆ, ‘ನೀವೇ ಬ್ಲಾಕ್ ಮಾಡಿ ಅಳಿಸಿ ಅಂದಿರಲ್ಲ’ ಎಂದರು. ಹೇಳಿದ್ದು ನಿಜ.

ಸರ್ಕಾರದ ತನಿಖಾ ಸಂಸ್ಥೆಯಿಂದ ಕೋರಿಕೆ ಹೋದರೆ, ಜಾಲತಾಣದ ಸಂಸ್ಥೆ ತನ್ನ ಬಳಿ ಇರುವ ಖಾತೆಯ ದಾಖಲೆಗಳನ್ನು 90 ದಿನ ಅಳಿಸದೆ ಕಾಯ್ದಿಡಬೇಕೆಂದು ಇಲ್ಲಿನ ಫೆಡರಲ್ ಕಾನೂನು ಹೇಳುತ್ತದೆ, ಕೋರಿಕೆಯನ್ನು ನವೀಕರಿಸಿದರೆ ಮತ್ತೆ 90 ದಿನ. ನಮ್ಮ ಪ್ರಕರಣದಲ್ಲಿ ಯಾವ ಖಾತೆಯೆಂದು ಬರೆಯುವುದಕ್ಕೇ ಆಧಾರವಿರಲಿಲ್ಲ. ಬ್ಯಾಂಕಿನ ದಾಖಲೆಗಳ ಹಿಂದೆ ಮೂರು ತಿಂಗಳು ಅಲೆದರೂ ಮಾಡಿದವರು ಯಾರೆಂದು ಗೊತ್ತಾಗಲಿಲ್ಲ, ಗೆಳೆಯರ ಹಣವೂ ಬರಲಿಲ್ಲ. ಅದನ್ನು ನಾನೇ ಕೊಟ್ಟೆ.

ಆದ್ದರಿಂದ ಪರಿಚಿತರಿಗೆ ‘ಹಣ ಕಳಿಸಬೇಡಿ, ಸಂದೇಶ ಅಳಿಸಬೇಡಿ’ ಎಂದು ತಕ್ಷಣ ತಿಳಿಸಿ, ಹಣ ಹೋಗಿದ್ದರೆ ಬ್ಯಾಂಕಿಗೆ ಕೂಡಲೇ ಕರೆ ಮಾಡಿಸಿ. ಬಳಿಕ ಮೇಲಂಚಿನ ಖಾತೆಯ ವಿಳಾಸ, ದಿನಾಂಕ, ಸಮಯ ಎಲ್ಲವೂ ಕಾಣುವಂತೆ ಇಡೀ ಪರದೆಯ ಚಿತ್ರ ತೆಗೆದು, ಖಾತೆಯ ಕೊಂಡಿಯನ್ನು ಅಕ್ಷರರೂಪದಲ್ಲೂ ನಕಲಿಸಿಟ್ಟುಕೊಂಡು, ನೀವು ವಾಸವಿರುವ ಊರಿನ ಪೊಲೀಸರಲ್ಲಿ ದೂರು ದಾಖಲಿಸಿ ಅದರ ಪ್ರತಿ ಪಡೆಯಿರಿ. ಖಾತೆ ಮುಚ್ಚಿಸುವ ಕೆಲಸ ಅದರ ನಂತರದ್ದು. ಇಷ್ಟಕ್ಕೆಲ್ಲ ಅರ್ಧ ದಿನ ಸಾಕು.

ಜಾಲತಾಣದ ಮೇಲೆಯೇ ದಾವೆ ಹೂಡುತ್ತೇನೆಂದು ಹೊರಡುವವರಿಗೆ ಒಂದು ಮಾತು: 1996ರ ಫೆಡರಲ್ ಕಾನೂನಿನ 230ನೇ ಸೆಕ್ಷನ್, ಬಳಕೆದಾರರು ಹಾಕಿದ್ದಕ್ಕೆ ಸಂಸ್ಥೆಯನ್ನು ಹೊಣೆ ಮಾಡಲು ಬಹುಮಟ್ಟಿಗೆ ಬಿಡುವುದಿಲ್ಲ. ಸೋಗಿನ ಖಾತೆಯ ಬಗ್ಗೆ ದೂರು ಬಂದ ಕೆಲವೇ ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಭಾರತದ 2021ರ ನಿಯಮಗಳು ವಿಧಿಸಿದ್ದು ಇದಕ್ಕಿಂತ ಎಷ್ಟೋ ಮೇಲು.

ಇನ್ನು, ಸಿಟ್ಟಿನಲ್ಲಿ ಸಹೋದ್ಯೋಗಿಯ ಅಥವಾ ಬಿಟ್ಟುಹೋದ ಸಂಗಾತಿಯ ಹೆಸರಿನಲ್ಲಿ ಖಾತೆ ತೆರೆಯುವ ಯೋಚನೆ ನಿಮಗೇ ಬಂದರೆ ದಯವಿಟ್ಟು ಅಲ್ಲೇ ಕೈಬಿಡಿ. ವೀಸಾದ ಮೇಲಿರುವವರಿಗೆ 1,000 ಡಾಲರ್ ದಂಡ ಚಿಕ್ಕ ಮಾತು. ‘ನೋ ಕಾಂಟೆಸ್ಟ್’ (ತಪ್ಪೊಪ್ಪದಿದ್ದರೂ ಆರೋಪವನ್ನು ಪ್ರಶ್ನಿಸುವುದಿಲ್ಲ) ಎಂದು ಹೇಳಿ ಚಿಕ್ಕ ಶಿಕ್ಷೆ ಪಡೆದರೂ ವಲಸೆ ಕಾನೂನು ಅದನ್ನು ಅಪರಾಧ ಸಾಬೀತಾದಂತೆಯೇ ಲೆಕ್ಕ ಹಾಕುತ್ತದೆ. ಪೌರತ್ವದ ಅರ್ಜಿ ಬರೀ ಬಂಧನವನ್ನೂ ಕೇಳುತ್ತದೆ. ಈಗಾಗಲೇ ಮೊಕದ್ದಮೆ ದಾಖಲಾಗಿದ್ದರೆ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಗಡೀಪಾರಿನ ಅಪಾಯವಿದೆಯೇ ಎಂದು ನಿಮ್ಮ ವಕೀಲರನ್ನು ಕೇಳಿ. ಅದನ್ನು ತಿಳಿಸುವುದು ಅವರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ತೀರ್ಪು ಕೊಟ್ಟಿದೆ.